ಅಂದಾಜು ಹದಿನೇಳು ನಿಮಿಷ

ಹೆಸರು ಕೊಟ್ಟಾಯಿತು. ಪರದೆಯ ಮೂಲೆಯಲ್ಲಿ
ಹಸಿರು ಕಣ್ಣೊಂದು ತಿರುಗತೊಡಗಿದೆ:
ಅಂದಾಜು ಹದಿನೇಳು ನಿಮಿಷ.
ನನ್ನ ಬೇಟೆಗಾತಿ ಬಿಲ್ಲು ಹೆಗಲಿಗೆ ಸಿಕ್ಕಿಸಿ
ಬಾವಿಕಟ್ಟೆಗೆ ಒರಗಿದ್ದಾಳೆ,
ಆಗಾಗ ಆಕಳಿಸುತ್ತಾಳೆ, ಬೂಟಿನ ಧೂಳು ಕೊಡವುತ್ತಾಳೆ.
ಅವಳಿಗೆ ಕಲಿಸಿದ್ದು ಅಷ್ಟೇ.

ನಾನು ಏಳುತ್ತೇನೆ, ಒಲೆ ಹಚ್ಚಿ ನೀರಿಡುತ್ತೇನೆ.
ಲಿಯೆಪಾಯದ ಗಾಳಿ ಕಿಟಕಿ ಸಂದಿಗೆ ಬಾಯಿಟ್ಟು
ಶಿಳ್ಳೆ ಹಾಕುತ್ತಿದೆ.
ಹಗಲೆಲ್ಲ ಬಂದರಿನಲ್ಲಿ, ಕ್ರೇನಿನ ಗೂಡಿನಲ್ಲಿ ಕೂತು
ದಿಮ್ಮಿ ಎತ್ತಿ ಇಳಿಸಿದ ಕೈ
ಈಗ ಐದು ಸೂಜಿ ಎತ್ತಿಕೊಳ್ಳುತ್ತದೆ.
ತಂಗಿಯ ಮಗಳು ಮಡಾರಳಿಗೆ ಕೈಗವಸು.
ಹದಿನೇಳು ನಿಮಿಷಕ್ಕೆ ನಾಲ್ಕು ಸುತ್ತು,
ನಕ್ಷತ್ರ ಬಂದಲ್ಲಿ ಮೂರೇ.

ಇಷ್ಟು ಹೊತ್ತು ಯಾಕೆ ಅಂದರೆ ಲೆಕ್ಕ ಸುಲಭ:
ಗಾಯ ಮಾಡುವವರು ಬೀದಿ ತುಂಬ,
ಮಾಯಿಸುವವರು ಊರಿಗೊಬ್ಬರು.
ಅಂಥವನೊಬ್ಬ ಟುರ್ಕುವಿನ ವೇಸಾ.
ಹೆಸರು ಕೊಟ್ಟ ಉಸಿರಿನಲ್ಲೇ ಅವನಿಗೆ ಬಾಗಿಲು ತೆರೆಯುತ್ತದೆ.
"ಪುಣ್ಯವಂತೆ ನೀನು," ಅನ್ನುತ್ತಾನೆ ಹೆಡ್‌ಫೋನಿನೊಳಗಿಂದ,
"ನನ್ನ ಸಿಂಕಿನಲ್ಲಿ ಬುಧವಾರದ ತಟ್ಟೆ
ಶುಕ್ರವಾರದ ತಟ್ಟೆಯಡಿ ಸಿಕ್ಕಿಕೊಂಡಿದೆ.
ಎಲ್ಲರಿಗೂ ಬೇಕಾದವನಿಗೆ
ಚಹಾ ಸೋಸಲೂ ಪುರುಸೊತ್ತಿಲ್ಲ."

ಗುರಾಣಿ ಹಿಡಿದವನು ಕಾಯುತ್ತಾನೆ,
ನಾನು ಕಾಯುತ್ತೇನೆ,
ಒಲೆಯ ಮೇಲೆ ನೀರೂ ಕಾಯುತ್ತದೆ.
ಮೂವರಲ್ಲಿ ಮೊದಲು ಮುಗಿಯುವುದು ನೀರಿನದು.

ಅಮ್ಮ ನಿಂತ ಸಾಲು ಬೇರೆ.
ಬೂಟು ಬಂದಿದೆಯಂತೆ ಎಂಬ ಸುದ್ದಿ ಸಾಕು,
ಅಂಗೈಗೆ ಶಾಯಿಯಲ್ಲಿ ನಂಬರು ಬರೆಸಿಕೊಂಡು
ಅಂಗಡಿಯಿಂದ ಟ್ರಾಮಿನ ತಿರುವಿನವರೆಗೂ ಹೆಂಗಸರು,
ಎಲ್ಲರ ಕಂಕುಳಲ್ಲೂ ಒಂದೊಂದು ನೂಲಿನುಂಡೆ.
ಅಮ್ಮನದು ನೂರ ನಲವತ್ತೆರಡು.
ಬೂಟು ನೂರ ಮೂವತ್ತಕ್ಕೇ ತೀರಿತು.
ಮನೆಗೆ ಬಂದದ್ದು ಒಂದೂವರೆ ಕಾಲುಚೀಲ,
ನನ್ನ ಅಳತೆಯದು.
ಉಳಿದರ್ಧ ಸಕ್ಕರೆಯ ಸಾಲಿನಲ್ಲಿ ಮುಗಿಯಿತು.

ಗಂಟೆ ಮಾತ್ರ ಒಂದು ದಿನವೂ ಹೊತ್ತು ನೋಡಿ ಬಾರಿಸಿದ್ದಿಲ್ಲ.
ಕೈ ರೈ ಹಿಟ್ಟಿನಲ್ಲಿ ಹೂತಿರುವಾಗ,
ತಲೆಗೆ ಸೋಪು ಹಚ್ಚಿದಾಗ,
ಕೆಳಮನೆಯ ಓಯಾರ್ಸ್ ಬಂದು ತನ್ನ ಮೊಣಕಾಲಿನ ಕತೆಗೆ
ಪೀಠಿಕೆ ಹಾಕಿದಾಗ.
ಒಮ್ಮೆ ಮೂಗಿನಿಂದ ಒತ್ತಿ ಒಳಗೆ ಹೋದೆ.
ಡ್ರ್ಯಾಗನ್ನಿಗೆ ಕಾಣಿಸಲಿಲ್ಲ
ನನ್ನ ಕೂದಲಿಂದ ಕೀಬೋರ್ಡಿಗೆ ಇಳಿಯುತ್ತಿದ್ದ ನೊರೆ.

ಮೊನ್ನೆ ಗುರುವಾರ.
ಹೆಬ್ಬೆರಳು ಕವಲೊಡೆಯುವಲ್ಲಿ ಕುಣಿಕೆ ಎಣಿಸುತ್ತಿದ್ದೆ,
ಹದಿನಾರು, ಹದಿನೇಳು,
ಗಂಟೆ ಹೊಡೆಯಿತು.
ನಲವತ್ತು ಸೆಕೆಂಡು: ಬರುತ್ತೀಯೋ, ಇಲ್ಲವೋ?
ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ.
ಹದಿನೆಂಟು, ಅಂದೆ. ಹತ್ತೊಂಬತ್ತು.
ನಾಲ್ಕು ಹೆಸರು ಬೆಳಗಿದವು.
ಐದನೆಯದು ನನ್ನದು, ಬೂದಿ ಬಣ್ಣ.
ಇಪ್ಪತ್ತು.
ಇಪ್ಪತ್ತೊಂದು.
ಬಾಗಿಲು ಮುಚ್ಚಿತು.

ಶಿಕ್ಷೆ: ಅರ್ಧ ಗಂಟೆ ಹೆಸರು ಕೊಡುವಂತಿಲ್ಲ.
ಹೆಬ್ಬೆರಳಿಗೆ ಬೇಕಿದ್ದದ್ದೂ ಅಷ್ಟೇ.

ಆದರೂ ಆ ನಾಲ್ವರು ಸೂಜಿಯ ತುದಿಯಲ್ಲಿ ಕೂತುಬಿಟ್ಟರು.
ಕೌನಸ್‌ನಲ್ಲಿ ಒಬ್ಬ ಅರ್ಧ ಸುಲಿದ ಆಲೂಗಡ್ಡೆಯನ್ನು
ಮತ್ತೆ ಕೈಗೆ ತೆಗೆದುಕೊಂಡಿರಬೇಕು.
ಇನ್ನೆಲ್ಲೋ ಒಬ್ಬಳು, ಹೇಗೂ ಹೊತ್ತಿದೆ ಎಂದು
ಮಗುವಿನ ಹೊದಿಕೆ ಸರಿಮಾಡಲು ಎದ್ದಿರಬೇಕು.
ಇನ್ನಿಬ್ಬರು ತಂತಮ್ಮ ಭಾಷೆಯಲ್ಲಿ
ನನ್ನ ವಂಶವನ್ನೆಲ್ಲ ಬೈದಿರುತ್ತಾರೆ.
ಬೈಯಲಿ. ಅಮ್ಮನೂ ಬೈಯುತ್ತಿದ್ದಳು
ನೂರ ಮೂವತ್ತನೆಯವಳನ್ನು.

ಮಡಾರ ಇವತ್ತು ಹಾಕಿ ನೋಡಿದಳು,
ಎರಡೂ ಅಂಗೈ ಮುಖಾಮುಖಿ ಹಿಡಿದು ಅಳೆದಳು.
"ದೊಡ್ಡಮ್ಮಾ, ಎಡಗೈದು ಉದ್ದ ಆಗಿದೆ."

ಅದು ಭಾನುವಾರಗಳಲ್ಲಿ ಹೆಣೆದದ್ದು ಕಣೇ.
ಭಾನುವಾರ ಸಾಲು ಉದ್ದ.