ಹತ್ತೇ ಹತ್ತು

ನಾನ್ಸಿಯೊ ದೋಣಿಕಟ್ಟೆಯ ಬದಿಗೆ ವೆಗೇಸಳ ಅಂಗಡಿ.
ಮ್ವಾಂಜಾದಿಂದ ಬಂದ ಹಡಗು
ಬಾಳೆಗೊನೆ, ಸೋಡಾ ಕ್ರೇಟು, ಒಬ್ಬ ಪಾದ್ರಿ, ಎರಡು ಮೇಕೆ
ಎಲ್ಲ ಇಳಿಸಿದ ಮೇಲೆ
ಕೊನೆಗೆ ಅವಳ ಕೈಗಿತ್ತದ್ದು
ಚಪ್ಪಲಿ ಡಬ್ಬಿಯಷ್ಟು ಒಂದು ಪೆಟ್ಟಿಗೆ.

'ಇಷ್ಟೇನಾ?' ಎಂದ ಹಮಾಲಿ, ಕೂಲಿ ಕೇಳಲೂ ನಾಚಿ.

ಇಷ್ಟೇ. ಹತ್ತು ಬ್ರೇಕರು, ಹತ್ತು ಜೊತೆ ಕನೆಕ್ಟರು.
ಐದು ಸಾವಿರ ತಗೊಂಡರೆ ಅರ್ಧ ಬೆಲೆ, ಎಂದು ಬರೆದಿದ್ದ
ನಿಂಗ್ಬೊದ ವ್ಯಾಪಾರಿ, ಸಾಲಿನ ಕೊನೆಗೊಂದು ಹೂವಿಟ್ಟು.
ಹತ್ತು ಯಾವ ವ್ಯಾಪಾರ, ಅಕ್ಕಾ?
ಅವಳು ಮರುತ್ತರ ಬರೆದಳು: ಹತ್ತು.

ಒಮ್ಮೆ ಅವಳೂ ರಾಶಿ ಕೊಂಡವಳೇ.
ಆರುನೂರು. ಹೊಳೆಯುವ ಕಪ್ಪು, ಒತ್ತಿದರೆ ಟಿಕ್ಕೆನ್ನುವ ಬಾಯಿ.
ಆ ಟಿಕ್ಕಿಗೇ ಮರುಳಾದೆ, ಅನ್ನುತ್ತಾಳೆ ಈಗಲೂ.
ದ್ವೀಪದ ಆಚೆ ತುದಿಯ ಆಸ್ಪತ್ರೆಯ ಮಾಡಿನ ಮೇಲೆ
ಒಂದು, ಒಂದೇ ಒಂದು, ಮೂರನೆಯ ತಿಂಗಳಿಗೆ
ಮೇಣದ ಹಾಗೆ ಕರಗಿತು.
ಫ್ರಿಜ್ಜು ನಿಂತದ್ದು ಶನಿವಾರ. ಗೊತ್ತಾದದ್ದು ಸೋಮವಾರ.
ನರ್ಸ್ ಕಬುಲ ಲಸಿಕೆಯ ಸೀಸೆಗಳನ್ನು
ಒಂದೊಂದೇ ಎಣಿಸಿ ಗುಂಡಿಗೆ ಹಾಕಿದಳು.
ಬೈಯಲಿಲ್ಲ. ಎಣಿಸಿದಳು, ಅಷ್ಟೇ,
ಗಟ್ಟಿಯಾಗಿ, ವೆಗೇಸಳಿಗೆ ಕೇಳಿಸುವಂತೆ.
ಉಳಿದ ಐನೂರ ಚಿಲ್ಲರೆ ಇನ್ನೂ ಇವೆ,
ಗಾಳಿಗೆ ಬಾಗಿಲು ಮುಚ್ಚದಿರಲೆಂದು
ಆನಿಸಿಟ್ಟ ಗೋಣಿಚೀಲದಲ್ಲಿ.

ಈ ಹತ್ತಕ್ಕೆ ಈಗ ಬಂತು ಗ್ರಹಚಾರ.
ಒಂದನ್ನು ಗರಗಸದಲ್ಲಿ ಸೀಳಿ
ಅಯಸ್ಕಾಂತ ಹಿಡಿದಳು. ಅಂಟಲಿಲ್ಲ.
ತಾಮ್ರವೇ, ಸದ್ಯ; ತವರದ ಮುಸುಕು ಹೊದ್ದ ಕಬ್ಬಿಣವಲ್ಲ.
ಒಂದು ಸರೋವರದ ನೀರು ತುಂಬಿದ ಬಕೆಟ್ಟಿಗೆ.
ಒಂದು ದರ್ಜಿಯ ಕಾದ ತಗಡಿಗೆ.
ಎರಡು ಮಗೇಸನ ದೋಣಿಗೆ:
'ಜೋಪಾನ ಮಾಡಬೇಡ. ಒದೆ. ನೆನೆಸು.
ಮೀನಿನ ಕೈಯಲ್ಲೇ ಮುಟ್ಟು.'
ಒಂದು ಬ್ರೇಕರು ಗಲ್ಲಾದ ಮೇಲೆ.
ಬಂದವರ ಜೊತೆ ಮಾತಾಡುತ್ತಲೇ ಹೆಬ್ಬೆರಳಲ್ಲಿ
ಆನು, ಆಫು, ಆನು, ಆಫು,
ನೂರಕ್ಕೊಂದು ಜೋಳದ ಕಾಳು ಬಟ್ಟಲಿಗೆ.
ಹರಿಯುವ ಬಿಸಿಲನ್ನು ನಡುವೆ ತುಂಡರಿಸಿದಾಗ
ಒಳಗೊಂದು ನೀಲಿ ಕಿಡಿ ನಾಲಗೆ ಚಾಚುತ್ತದೆ.
ಎಷ್ಟು ಬೇಗ ಒಳಗೆಳೆದುಕೊಳ್ಳುತ್ತದೆ
ಎಂಬುದೇ ಅದರ ಬೆಲೆ.

ಅನ್ನ ಬೆಂದಿತೇ ತಿಳಿಯಲು ಒಂದಗುಳು ಸಾಕು
ಎನ್ನುತ್ತದೆ ನಾನು ಬರೆಯುವ ಭಾಷೆ.
ಹೇಳಿದೆ ಅವಳಿಗೆ. ನಕ್ಕಳು.
'ಅದು ನಿಮ್ಮದೇ ಪಾತ್ರೆ, ನಿಮ್ಮದೇ ಬೆಂಕಿ.
ನನಗೆ ತೋರಿಸುವ ಅಗುಳು ಒಂದು ಪಾತ್ರೆಯದು,
ಬಡಿಸುವ ಅನ್ನ ಇನ್ನೊಂದರದ್ದಾದರೆ?'

ಆರು ವಾರ. ಬಟ್ಟಲಲ್ಲಿ ಅರವತ್ತು ಕಾಳು.
ಬಕೆಟ್ಟಿನದು ಮೈಕೊಡವಿ ಎದ್ದು ಬಂತು.
ಮಗೇಸನವು ನಾರುತ್ತಿದ್ದವು; ಕೆಲಸ ಮಾಡುತ್ತಿದ್ದವು.
ದರ್ಜಿಯ ಮಾಡಿನದ್ದು ಮಾತ್ರ
ಮುಟ್ಟಿದರೆ ತುಸು ಬೆಚ್ಚಗೆ.
ಜ್ವರವಲ್ಲ. ಜ್ವರ ಬರಬಹುದಾದ
ಮಗುವಿನ ಹಣೆಯಷ್ಟು.
ಬಿಸಿಲಲ್ಲವೇ, ಎಂದ ದರ್ಜಿ, ಹೊಲಿಗೆಯಿಂದ ತಲೆಯೆತ್ತದೆ.
ಬಿಸಿಲಿರಬಹುದು.
ಆದರೆ ಪಕ್ಕದ ತಂತಿಗೂ ಅದೇ ಬಿಸಿಲು,
ಅದು ಅಷ್ಟು ಬೆಚ್ಚಗಿರಲಿಲ್ಲ.

ಇನ್ನೊಂದು ಹತ್ತಕ್ಕೆ ಬರೆದಳು,
ಈ ಸಲ ನಾದಿನಿಯ ಹೆಸರಲ್ಲಿ, ಬೇರೆ ವಿಳಾಸಕ್ಕೆ.
ಪರೀಕ್ಷೆ ಎಂಬ ಪದ ಎಲ್ಲಿಯೂ ಬಾರದಂತೆ.
ಗಂಡ ಕೇಳಿದ: ಹತ್ತು ಹತ್ತೆಂದು ಕೂತರೆ
ಸಾವಿರ ಮುಟ್ಟುವುದು ಯಾವಾಗ?
ಅವಳು ಹೆಬ್ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಸಾವಿರ ಬಂದದ್ದು ಮಳೆಗಾಲ ಕಳೆದು.
ಮೇಲಿನ ಪೆಟ್ಟಿಗೆ ಮುಟ್ಟಲಿಲ್ಲ;
ಕೆಳಗಿನದರ ಕೆಳಗಿನದನ್ನು ಎಳೆಸಿ,
ಅದರ ತಳದಿಂದ ಒಂದು ಹಿಡಿ ತೆಗೆದು
ದಾರದ ಅಯಸ್ಕಾಂತ ಮೇಲಿಂದಿಳಿಸಿದಳು.
ಹಮಾಲಿಗಳು ಉಸಿರು ಬಿಗಿಹಿಡಿದು ನೋಡಿದರು,
ಬಾವಿಗೆ ಬಿದ್ದ ಬಿಂದಿಗೆ ತೆಗೆಯುವುದನ್ನು ನೋಡುವಂತೆ.
ಬರಿದೇ ತೂಗಾಡಿತು ಅಯಸ್ಕಾಂತ.

ಅಮಾವಾಸ್ಯೆಯ ರಾತ್ರಿ ಕಟ್ಟೆಯ ಮೇಲೆ ನಿಂತು ನೋಡುತ್ತಾಳೆ.
ದಗಾ ಮೀನಿಗೆ ಹೋದ ದೋಣಿಗಳು,
ನೀರಿನುದ್ದಕ್ಕೂ ದೀಪ.
ಯಾವುದರಲ್ಲಿ ತನ್ನ ಮಾಲಿದೆ, ಯಾವುದರಲ್ಲಿಲ್ಲ
ಇಲ್ಲಿಂದ ತಿಳಿಯದು.
ಎಲ್ಲವೂ ಒಂದೇ ಥರ ಉರಿಯುತ್ತಿವೆ.
ಅದೇ ಅವಳ ಅನುಮಾನ.