ಮೊಣಕೈಗೊಂದು ಮಣೆ

ಉಲಾನ್‌ಬಾತರಿನ ಬಿಡಿಭಾಗಗಳ ಸಂತೆಯಲ್ಲಿ
ಹನ್ನೊಂದನೇ ಸಾಲಿನ ನೀಲಿ ಕಂಟೇನರು ನನ್ನದು.
ಸೀಟಿನ ಕವರು, ಕಾಲಡಿಯ ರಬ್ಬರು ಚಾಪೆ,
ಸ್ಟೇರಿಂಗಿಗೆ ಕುರಿಚರ್ಮದ ತೊಡಿಗೆ,
ಮತ್ತೆ ಕೈಯೂರುವ ಪೆಟ್ಟಿಗೆಗಳು:
ಕಪ್ಪು, ಬೂದಿ, ಯಾರೂ ಕೇಳದ ಒಂದು ಕೆಂಪು.

ಬಂದವರೆಲ್ಲ ಮೊದಲು ಕಾರಿನ ಹೆಸರು ಹೇಳುತ್ತಾರೆ.
ಇರಲಿ, ಒಳಗೆ ಕೂತುಕೊಳ್ಳಿ, ಅನ್ನುತ್ತೇನೆ.
ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು
ಊರು ದಾಟಿ ಒಂದು ಗಂಟೆಯಾಯಿತು ಅಂದುಕೊಳ್ಳಿ.
ಆಗ ಮೊಣಕೈ ತಾನಾಗಿ ಇಳಿದು
ಗಾಳಿಯಲ್ಲಿ ಏನನ್ನೋ ತಡಕುತ್ತದೆ.
ನಿಂತಲ್ಲಿಗೆ ನನ್ನ ಸೀಮೆಸುಣ್ಣದ ಗೀಟು.

ಗೊಂಬೊಜಾವರ ಮೊಣಕೈ ಇಳಿಯಲೇ ಇಲ್ಲ.
ಒಂಬತ್ತನೇ ವಯಸ್ಸಿಗೆ ಓಟದ ಕುದುರೆಯಿಂದ ಬಿದ್ದದ್ದಂತೆ.
ಅಜ್ಜ ಕಟ್ಟು ಹಾಕಿದ, ಎಲುಬು ಕೂಡಿಕೊಂಡಿತು,
ನೇರವಾಗುವುದನ್ನು ಮರೆತೇ ಕೂಡಿಕೊಂಡಿತು.
"ಕುದುರೆ ಮಾತ್ರ ನಿಲ್ಲದೆ ಓಡಿ ಮೂರನೆಯದಾಗಿ ಬಂತು" ಅಂದರು.
ಐವತ್ತು ವರ್ಷದ ಮೇಲೂ
ಅದರ ಹೆಮ್ಮೆ ಆರಿಲ್ಲ.

ಮಂದಲ್‌ಗೋವಿಗೆ ವಾರಕ್ಕೆ ನಾಲ್ಕು ಸಲ,
ನಾಲ್ಕು ಜನ, ಅವರ ಗಂಟುಮೂಟೆ,
ನೋಡಲು ಏನೂ ಇಲ್ಲದಷ್ಟು ನೆಟ್ಟಗಿನ ದಾರಿ.
ಎಡಗೈ ತೊಡೆಯ ಮೇಲೆ ಬಿದ್ದು ಜೋಮು ಹಿಡಿಯುತ್ತದೆ;
ಇಳಿದವರಿಗೆ ಚಿಲ್ಲರೆ ಕೊಡುವಾಗ
ನೋಟು ಬೆರಳಿಂದ ಜಾರಿ
ಗಾಳಿಯ ಪಾಲಾಗುತ್ತದೆ.

ಕಾರು ಜಪಾನಿನದು, ಸ್ಟೇರಿಂಗ್ ಬಲಕ್ಕೆ.
ರಸ್ತೆ ನಮ್ಮದು, ಓಡಿಸುವುದೂ ಬಲಕ್ಕೆ.
ಎತ್ತು ಏರಿಗೆ, ಕೋಣ ನೀರಿಗೆ.
ಅರ್ಧ ಊರು ಹೀಗೇ ಸಾಗುತ್ತದೆ ಇಲ್ಲಿ,
ಮುಂದಿನ ಲಾರಿಯನ್ನು ದಾಟಬಹುದೇ ಎಂದು
ಪಕ್ಕದಲ್ಲಿ ಕೂತವರನ್ನು ಕೇಳಿಕೊಂಡು.

ಪೆಟ್ಟಿಗೆಯೋ, ಗಡಿಯಾಚೆಯಿಂದ ಬಂದದ್ದು,
ಎಡಕ್ಕೆ ಕೂತು ಓಡಿಸುವವರಿಗೆಂದು ಹೊಲಿದದ್ದು.
ಎತ್ತರ ಸರಿ. ಅಗಲ ಸರಿ.
ಮುಚ್ಚಳದ ಕೀಲು ಮಾತ್ರ ಇವರ ಕಡೆ,
ತೆರೆದರೆ ಬಾಯಿ ಪಕ್ಕದವರಿಗೆ.
ತಿರುಗಿಸಿ ಕೂರಿಸಲು ನೋಡಿದೆ,
ಹ್ಯಾಂಡ್‌ಬ್ರೇಕು ಒಪ್ಪಲಿಲ್ಲ.

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಪ್ಲಾಸ್ಟಿಕ್ಕು ಸೀಳೀತೆಂದು
ಮಗಳ ಕೂದಲೊಣಗಿಸುವ ಯಂತ್ರದಿಂದ ಬಿಸಿ ಮಾಡಿದೆ.
ಡ್ರಿಲ್ ಗುಂಯ್ ಎಂದಾಗ
ಸೂಜಿ ಚುಚ್ಚಿಸಿಕೊಳ್ಳುವ ಮಗುವಿನಂತೆ ಅವರು ಮುಖ ತಿರುಗಿಸಿದರು.
ಒಂದು ತಿರುಪುಮೊಳೆ ಮಿಕ್ಕಿತು.
ಯಾವಾಗಲೂ ಮಿಕ್ಕುತ್ತದೆ.

ಕೈ ಊರಿದರು.
ಕಿವಿಯ ಹತ್ತಿರವಿದ್ದ ಭುಜ
ಲಿಫ್ಟಿನ ಹಾಗೆ ಒಂದು ಅಂತಸ್ತು ಇಳಿಯಿತು.
ಆಮೇಲೆ ಮುಚ್ಚಳ ಎತ್ತಲು ಹೋಗಿ, ಸೋತು,
"ಬಾಯಾಡಿಸಲು ಆರೂಲ್ ಇಡೋಣವೆಂದಿದ್ದೆ" ಅಂದರು,
ಹಲ್ಲಿಗೆ ಕಲ್ಲಾಗುವ ಆ ಹುಳಿ ಮೊಸರುಗಟ್ಟಿ.
ಮೂರು ಸಾವಿರ ತುಗ್ರಿಕ್ ಕಡಿಮೆ ಮಾಡಿದೆ.
ಎಣಿಸಿ ಕೊಟ್ಟರು. ಮಾತಿಲ್ಲದೆ ಹೋದರು.

ಹೊಸ ವರ್ಷದ ಹಬ್ಬ ಕಳೆದು
ಮತ್ತೆ ಅದೇ ಕಾರು ಬಾಗಿಲಿಗೆ ಬಂದಾಗ
ಜಗಳಕ್ಕೇ ಎಂದು ಸೆರಗಿಲ್ಲದ ಸೊಂಟಕ್ಕೆ
ಟೇಪು ಬಿಗಿದು ನಿಂತೆ.

"ಇಂಥದ್ದೇ ಇನ್ನೊಂದು ಬೇಕು, ಭಾವಮೈದುನನಿಗೆ."
ಇಂಥದ್ದು ಅಂದರೆ?
"ತಪ್ಪು ಕಡೆ ತೆರೆಯುವಂಥದ್ದು."

ಪಕ್ಕದವರು ತೆರೆಯುತ್ತಾರಂತೆ, ಕೇಳದೆಯೇ.
ಆರೂಲ್ ಒಂದು ತಮ್ಮ ಬಾಯಿಗೆ,
ಒಂದು ಇವರ ಅಂಗೈಗೆ;
ಅಂಗೈ ಹೇಗೂ ಅಲ್ಲಿ ಮೇಲ್ಮುಖವಾಗಿ ಬಿದ್ದಿರುತ್ತದಲ್ಲ.
ಮುಗಿದರೆ ತುಂಬುವವರೂ ಅವರೇ.
ಒಬ್ಬಳು ಪೈನ್ ಬೀಜ ಸುರಿದು ಹೋದಳು,
ಒಬ್ಬ ಮುದುಕ ಹಲ್ಲುಸೆಟ್ಟು ಬಿಟ್ಟು ಹೋಗಿ
ಎರಡು ದಿನ ಫೋನು ಮಾಡಿದ.
ಪರೀಕ್ಷೆಗೆ ಹೊರಟ ಹುಡುಗಿಯೊಬ್ಬಳು
ದಾರಿಯುದ್ದಕ್ಕೂ ತುಟಿ ಬಿಚ್ಚದವಳು
ಲಾರಿ ಎದುರಾದಾಗ ಮಾತ್ರ
ಬಾಯಲ್ಲಿ ಆರೂಲ್ ಇಟ್ಟುಕೊಂಡೇ "ಈಗ ಬೇಡ" ಅಂದಳಂತೆ.

ಆದರೆ ಈಗ ಬರುವ ಪೆಟ್ಟಿಗೆಗಳೆಲ್ಲ ಸರಿಯಾಗಿವೆ.
ಯಾರೋ ಬರೆದು ಹಾಕಿ, ಕಾರ್ಖಾನೆಯವರು ತಿದ್ದಿಕೊಂಡಿದ್ದಾರೆ.
ಹಳೆಯದು ಉಳಿದಿರುವುದು ಒಂದೇ.

"ಕೆಂಪೇ?" ಅಂದರು.
ಕೆಂಪೇ, ಅಂದೆ.
ಗಲ್ಲಾದ ಮೇಲೆ ಅದನ್ನಿಟ್ಟು,
ನೇರವಾಗದ ಕೈಯನ್ನು ಅದರ ಮೇಲೆ ಊರಿ,
ಹಿಂದೆ ಸಾಲು ಬೆಳೆಯುತ್ತಿದ್ದರೂ
ಬಹಳ ಹೊತ್ತು ಯೋಚಿಸುತ್ತ ನಿಂತರು.