ಕೆಟ್ಟ ಸುದ್ದಿಯ ಪತ್ರ

ತಕೊರಾಡಿಯಲ್ಲಿ ಹರ್ಮಟನ್ ಗಾಳಿ ಎದ್ದ ತಿಂಗಳು.
ಸಹಾರಾದ ಧೂಳು ಕಪ್ಪುಹಲಗೆಯ ಮೇಲೆ ಬಂದು ಕೂತಿತ್ತು.
ಅರಬಾ ಕ್ವಾನ್ಸಾ ಮೇಡಂ ಅದನ್ನು ಅಂಗೈಯಲ್ಲೇ ಒರೆಸಿ
ಬರೆದರು: ಏಳನೆಯ ಪಾಠ. ಇಲ್ಲ ಎನ್ನುವುದು ಹೇಗೆ.

ವಾಣಿಜ್ಯ ಸಂವಹನ, ಎರಡನೇ ವರ್ಷ, ಸಂಜೆ ತರಗತಿ.
ಬಂದರಿನಲ್ಲಿ ಕೋಕೋ ಮೂಟೆ ಎಣಿಸುವವರು,
ಮಾರ್ಕೆಟ್ ಸರ್ಕಲ್ಲಿನಲ್ಲಿ ಫೋನ್ ಕಾರ್ಡ್ ಮಾರುವವರು,
ಮತ್ತೆ ನಾನು,
ಹಗಲೆಲ್ಲ ಟ್ರೊಟ್ರೊ ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಊರ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡವನು.
"ಎಬೋ, ಇದು ವ್ಯಾನಲ್ಲ. ಪತ್ರ ಕೂಗಬಾರದು."

ಮೊದಲು ಮೆತ್ತನೆಯದೊಂದು ಸಾಲು ಹಾಸು.
ಆಮೇಲೆ ಕಾರಣ.
ಕಾರಣದ ಮಡಿಲಲ್ಲಿ 'ಇಲ್ಲ' ಮಲಗಲಿ.
ಕೊನೆಗೆ, ಬಾಗಿಲು ಮುಚ್ಚಿದ ಸದ್ದು ಕೇಳದಂತೆ, ಹಾರೈಕೆ.
ಹಾವು ಸಾಯಬಾರದು, ಕೋಲು ಮುರಿಯಬಾರದು,
ತಾನು ಹೊರಡಬೇಕೆಂದು ಮಾತ್ರ ಹಾವಿಗೆ ತಿಳಿಯಬೇಕು.

ನನ್ನ ಮೊದಲ ಪತ್ರ: ದೋಣಿಗೆ ಸಾಲ ಕೇಳಿದವಳಿಗೆ ಬ್ಯಾಂಕಿನ ಉತ್ತರ.
"ಅರ್ಜಿಯನ್ನು ಪರಿಶೀಲಿಸಲಾಯಿತು. ತಿರಸ್ಕರಿಸಲಾಯಿತು."
ಹತ್ತಕ್ಕೆ ನಾಲ್ಕು.
ಅಂಚಿನಲ್ಲಿ ಕೆಂಪು ಶಾಯಿ: ಯಾರಿಂದ?

ಅವತ್ತು ಪುಸ್ತಕ ಮುಚ್ಚಿ ಒಕ್ಯೆಮೆಯ ವಿಷಯ ಹೇಳಿದರು.
ದೊರೆ ಸಭೆಯೊಡನೆ ನೇರ ಮಾತಾಡುವುದಿಲ್ಲ,
ಪಕ್ಕದಲ್ಲಿ ಒಕ್ಯೆಮೆ, ಕೈಯಲ್ಲಿ ಚಿನ್ನದ ತುದಿಯ ಕೋಲು.
ದೊರೆ ಉಗುಳಿದ ಒರಟು ಮಾತಿಗೆ ಜೇನು ಸವರಿ ದಾಟಿಸುತ್ತಾನೆ.
"ಆದರೂ ಮಾತು ಯಾರದೆಂದು ಎಲ್ಲರಿಗೂ ಗೊತ್ತು.
ದೊರೆ ಅಲ್ಲೇ ಇರುತ್ತಾನಲ್ಲ, ಕೊಡೆಯ ಕೆಳಗೆ,
ಊರ ಕಣ್ಣೆದುರು ಬೆವರುತ್ತ.
ನಿನ್ನ ಪತ್ರದಲ್ಲಿ ಕೋಲಿದೆ, ಜೇನೂ ಇದೆ ಎನ್ನೋಣ,
ಪೀಠ ಖಾಲಿ."

ಕಲಿತೆ. ಆರಕ್ಕೇರಿದೆ, ಎಂಟಕ್ಕೇರಿದೆ.
ಕಲಿತದ್ದೇ ಕೈಹಿಡಿದು ಈಗ ಅದೇ ಕಟ್ಟಡದ ಮೂರನೇ ಮಹಡಿ,
ಸಿಬ್ಬಂದಿ ವಿಭಾಗ, ಬಾಗಿಲಲ್ಲಿ ನನ್ನ ಹೆಸರು.
ಏಸಿ ಇದೆ. ಧೂಳು ಒಳಬರುವುದಿಲ್ಲ.

ಮಾರ್ಚಿಯ ಒಂದು ಮಂಗಳವಾರ ಕಡತ ಬಂತು:
ಸಂಜೆ ತರಗತಿ ಮುಚ್ಚುವುದು, ಆರು ಗುತ್ತಿಗೆ ಉಪನ್ಯಾಸಕರು.
ಮಂಗಳವಾರ ಹುಟ್ಟಿದ್ದು ಹೆಣ್ಣಾದರೆ ಅರಬಾ, ಗಂಡಾದರೆ ಎಬೋ.
ನಮ್ಮಿಬ್ಬರ ಹೆಸರಲ್ಲೂ ಅಡಗಿರುವುದು ಒಂದೇ ದಿನ.
ಪಟ್ಟಿಯ ನಾಲ್ಕನೆಯ ಹೆಸರು ಓದಿ ಕಿಟಕಿಯತ್ತ ನೋಡಿದೆ.
ಬಂದರಿನಲ್ಲಿ ಹಡಗಿಗೆ ಮ್ಯಾಂಗನೀಸ್ ಸುರಿಯುತ್ತಿದ್ದರು.

ಉಳಿದ ಐದು ಪತ್ರ ಅರ್ಧ ಗಂಟೆಯಲ್ಲಿ ಮುಗಿದವು.
ಅವರದಕ್ಕೆ ಮೂರು ದಿನ.
ಇಪ್ಪತ್ತೊಂದು ವರ್ಷದ ಸೇವೆ ಎಂದು ಹಾಸಿದೆ,
ದಾಖಲಾತಿ ಕುಸಿತ ಎಂದೆ,
ಮಲಗಿಸಬೇಕಾದ್ದನ್ನು ಮಲಗಿಸಿ, ತಟ್ಟಿ, ಹಾರೈಸಿದೆ.
"ಒಪ್ಪಂದವನ್ನು ನವೀಕರಿಸದಿರಲು ನಿರ್ಧರಿಸಲಾಗಿದೆ."
ಎಂಥ ಸಲೀಸು ಪದ!
ಯಾರ ಬೆರಳಿಗೂ ಮಸಿ ಹತ್ತದು.

ಒಂಬತ್ತನೇ ದಿನ ಪತ್ರ ಹಿಂದಕ್ಕೆ ಬಂತು,
ಅಂಚೆಯಲ್ಲಲ್ಲ, ಗೇಟಿನ ಕಾವಲುಗಾರನ ಕೈಯಲ್ಲಿ.
ಅದೇ ಕೆಂಪು ಶಾಯಿ.
ಮೊದಲ ಸಾಲಿಗೆ: ಚೆನ್ನಾಗಿದೆ.
ಎರಡನೆಯದಕ್ಕೆ: ಅಂಕಿ ಎಲ್ಲಿ? ಈ ವರ್ಷ ನನ್ನ ತರಗತಿಯಲ್ಲಿ ಐವತ್ತಮೂರು ಜನ.
ಒಂದು ಅಲ್ಪವಿರಾಮ ತೆಗೆದಿದ್ದರು, ಸರಿಯಾಗಿಯೇ.
'ನಿರ್ಧರಿಸಲಾಗಿದೆ'ಯ ಸುತ್ತ ದುಂಡಗೊಂದು ಗೆರೆ,
ಪಕ್ಕದಲ್ಲಿ ಏನೂ ಬರೆದಿರಲಿಲ್ಲ.
ಕೆಳಗೆ: ಏಳೂವರೆ. ಮತ್ತೆ ಬರೆದು ತಾ.

ಕಟ್ಟಡ ಖಾಲಿಯಾಗಿದೆ. ಕೆಳಗಿನ ಮಹಡಿಯಲ್ಲಿ ಅವರ ಕೋಣೆಯ ದೀಪ,
ಯಾರೋ ಜೋರಾಗಿ ಪತ್ರ ಓದುತ್ತಿದ್ದಾರೆ, ತಡವರಿಸುತ್ತ.
ಏಸಿ ಆರಿಸಿ, ಕಿಟಕಿ ತೆರೆದು ಶುರುಮಾಡಿದೆ:
ಮೇಡಂ, ಆ ಸಭೆಯಲ್ಲಿ ಏಳು ಜನ ಇದ್ದೆವು.
ಬೇಡವೆನ್ನುವವರು ಕೈ ಎತ್ತಿ ಎಂದರು.
ಏಳನೆಯವನು ನಾನು. ನನ್ನ ಕೈ ಮೇಜಿನ ಕೆಳಗಿತ್ತು.

ಇಲ್ಲಿಗೆ ಬಂದು ಪೆನ್ನು ನಿಂತಿದೆ.
ಮೆತ್ತನೆಯ ಸಾಲನ್ನು ಈ ಸಲ
ಎಲ್ಲಿ ಹಾಸಬೇಕೋ ತಿಳಿಯುತ್ತಿಲ್ಲ.